ಐದನೇ ಹಾಡು ಯಾರದ್ದು?

ಜನವರಿ ೪

ಪಿಟೀಲು,

ಕಾಗದ ತಡವಾಯ್ತು ಅಂತ ಬೈಬೇಡ. ವರ್ಷದ ಕೊನೆ ಬಂತೂಂದ್ರೆ ಎಲ್ಲರಿಗೂ ಒಟ್ಟಿಗೇ ಹಲ್ಲು ನೆನಪಾಗುತ್ತೆ. ಹಲ್ಲು ಕಟ್ಟೋ ಲ್ಯಾಬಿನಲ್ಲಿ ನನ್ನ ಮೇಜಿನ ಮೇಲೆ ಇಪ್ಪತ್ತೆರಡು ಜನರ ದವಡೆ ಪ್ಲಾಸ್ಟರಿನಲ್ಲಿ ಬಾಯಿ ತೆರಕೊಂಡು ಕೂತಿದೆ. ಒಂದೂ ಮಾತಾಡಲ್ಲ. ನಿನಗಿಂತ ವಾಸಿ.

ಸರಿ, ಪಟ್ಟಿಗೆ ಬರ್ತೀನಿ. ನಿಯಮ ಹಳೇದೇ. ಕಳೆದ ವರ್ಷ ಬಂದ ಹೆವಿ ಮೆಟಲ್ ಆಲ್ಬಮ್‌ಗಳಲ್ಲಿ ನಮಗೆ ಇಷ್ಟವಾದ ಹತ್ತು, ಕೈಬರಹದಲ್ಲೇ ಬರೀಬೇಕು, ಫೋನಿನಲ್ಲಿ ಬಾಯಿ ಬಿಡೋ ಹಾಗಿಲ್ಲ. ನೀನು ಹಾಸ್ಟೆಲಿಗೆ ಸೇರಿದ ವರ್ಷ ಶುರುವಾಗಿದ್ದು, ಇದು ಹದಿನಾಲ್ಕನೇ ಪಟ್ಟಿ.

ಒಂದನೇ ಸ್ಥಾನ ‘ತುಕ್ಕು’ ತಂಡದ ‘ಒಣಬಾವಿ’ಗೆ. ಗಿಟಾರನ್ನ ಎಷ್ಟು ಕೆಳಗಿನ ಸ್ವರಕ್ಕೆ ಇಳಿಸಿದ್ದಾರೆ ಅಂದ್ರೆ ತಂತಿ ಜೋತು ಬಿದ್ದು ಬಟ್ಟೆ ಒಣಗಿಸೋ ಹಗ್ಗ ಆಗಿರಬೇಕು. ನಾಲ್ಕೇ ಹಾಡು, ಒಂದೊಂದೂ ಕಾಲು ಗಂಟೆ. ಎರಡನೆಯದರ ಮಧ್ಯೆ ನಿನ್ನ ಭಾವ ಗಡಿಯಾರ ರಿಪೇರಿ ಬಿಟ್ಟು ಎದ್ದು ಬಂದು, “ಮಿಕ್ಸಿ ಸುಟ್ಟುಹೋಯ್ತಾ?” ಅಂದರು. ಎರಡನೆಯದು ‘ಉಪ್ಪಿನ ರಾಣಿ’ಯವರ ‘ಏಳು ಬೀಗ’. ಆ ಹಾಡುವವಳು ಗಂಟಲು ಕಿತ್ತುಬರೋ ಹಾಗೆ ಕಿರುಚಿದರೂ ಒಂದು ಒತ್ತಕ್ಷರ ತಪ್ಪಲ್ಲ. ನಮ್ಮ ಕನ್ನಡ ಮೇಷ್ಟರು ಕೇಳಿದ್ದಿದ್ದರೆ ಫುಲ್ ಮಾರ್ಕ್ಸ್ ಕೊಡ್ತಿದ್ದರು. ಮೂರು ‘ಗೋರಿಕಲ್ಲು’. ಮುದುಕರು ಹತ್ತು ವರ್ಷ ಸುಮ್ಮನಿದ್ದು ಎದ್ದು ಬಂದಿದ್ದಾರೆ, ಮಂಡಿ ಹಿಡಿದಿದೆ, ಕೈ ಹಿಡಿದಿಲ್ಲ. ನಾಲ್ಕರಿಂದ ಒಂಬತ್ತರವರೆಗೆ ಹಿಂದಿನ ಪುಟದಲ್ಲಿ ಬರೆದಿದ್ದೀನಿ. ಎಂಟನೆಯದನ್ನ ಬರೀ ಡ್ರಮ್ಮಿಗೋಸ್ಕರ ಕೇಳು, ಹಾಡುವವನನ್ನ ಕ್ಷಮಿಸು. ಹತ್ತನೆಯದು ‘ಕರಿಗುದುರೆ’. ಸಾಧಾರಣ. ಜಾಗ ಖಾಲಿ ಇತ್ತು, ಹಾಕಿದೆ.

ಅಮ್ಮ ಮಂಡಿಗೆ ಪಟ್ಟಿ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಇಳೀತಾಳೆ. ಬೇಡ ಅಂದರೆ ಇನ್ನೊಂದು ಸಲ ಹತ್ತುತಾಳೆ. ಮನೆಗೆ ಬಂದೋರಿಗೆಲ್ಲ ನಿಮ್ಮ ತಂಡದ ಆಲ್ಬಮ್ಮಿನ ಕವರ್ ತೋರಿಸೋದು ಅವಳ ಹೊಸ ಕೆಲಸ. ಒಳಗೇನಿದೆ ಅಂತ ಯಾರೋ ಕೇಳಿದ್ದಕ್ಕೆ, “ನನ್ನ ಚಿಕ್ಕ ಮಗಳಿದಾಳೆ” ಅಂದಳು.

ನಿನ್ನ
ಅಕ್ಕ

ಹ್ಞಾ, ಆ ಆಲ್ಬಮ್ಮಿನ ಪಾರ್ಸೆಲ್ ಆಗಸ್ಟಿನಲ್ಲೇ ತಲುಪಿತು. ಕವರಿನ ಬಣ್ಣ ಚೆನ್ನಾಗಿದೆ.


ಜನವರಿ ೧೫

ಅಕ್ಕಾ,

ನಿನ್ನ ಕಾಗದವನ್ನ ಒಂದು ಕಟ್ಟಡದ ನೆತ್ತಿ ಮೇಲೆ, ಲಿಫ್ಟಿನ ಮೋಟಾರು ರೂಮಿನಲ್ಲಿ ಕೂತು ಓದಿದೆ. ಉಕ್ಕಿನ ಹಗ್ಗ ಬದಲಾಯಿಸೋ ಕೆಲಸ, ಎರಡು ದಿನ ಹಿಡಿಯುತ್ತೆ. ಕೆಳಗೆ ನಿಂತಿರೋ ಜನ ನಾನೇ ಬೇಕೂಂತ ಲಿಫ್ಟ್ ಕೆಡಿಸಿದ ಹಾಗೆ ನೋಡ್ತಾರೆ. “ಲಿಫ್ಟಿನವರು ಎಲ್ಲಿ?” ಅಂತ ಒಬ್ಬರು ನನ್ನನ್ನೇ ಕೇಳಿದರು, ಕೈಯಲ್ಲಿ ಸ್ಪ್ಯಾನರು ಹಿಡಕೊಂಡು ನಿಂತಿದ್ದೆ.

ನನ್ನ ಹತ್ತು ಬೇರೆ ಹಾಳೆಯಲ್ಲಿದೆ. ‘ತುಕ್ಕು’ ನನಗೆ ನಾಲ್ಕನೇದು. ಒಂದನೇದು ‘ಬೂದಿಗಣ್ಣು’, ಅದನ್ನ ನೀನು ಒಂಬತ್ತಕ್ಕೆ ತಳ್ಳಿದ್ದೀಯ, ಜಗಳ ಆಮೇಲೆ ಆಡೋಣ. ‘ಕರಿಗುದುರೆ’ ಹೇಗೆ ಬಂತು? ಅಕ್ಟೋಬರಿನಲ್ಲಿ ಅದನ್ನ ನೀನೇ ಹಲ್ಲುದುರಿದ ಕುದುರೆ ಅಂದಿದ್ದೆ!

ನಮ್ಮ ತಂಡದ್ದನ್ನ ನಾನು ಪಟ್ಟಿಗೆ ಹಾಕೋ ಹಾಗಿಲ್ಲ, ಗೊತ್ತು. ನೀನು ಕೇಳಿದೆಯಾ? ಪುರುಸೊತ್ತಾಗದಿದ್ದರೆ ಪರವಾಗಿಲ್ಲ. ಯಾಕೆ ಕೇಳಿದೆ ಅಂದ್ರೆ, ನಾವಿಬ್ಬರೂ ಚಿಕ್ಕಂದಿನಿಂದ ತರಿಸೋ ಆ ಪತ್ರಿಕೆ ಇದೆಯಲ್ಲ, ಅದರ ವರ್ಷದ ಹತ್ತರಲ್ಲಿ ‘ಕಬ್ಬಿಣದ ಕಡಲೆ’ ತಂಡದ ‘ಹನ್ನೊಂದನೇ ಮಹಡಿ’ ಏಳನೇ ಸ್ಥಾನದಲ್ಲಿದೆ. ನಾವು, ಅಕ್ಕಾ! ಐದನೇ ಹಾಡು ‘ಎದುರುತೂಕ’ದ ಬಗ್ಗೆಯೇ ಅರ್ಧ ಪುಟ ಬರೆದಿದ್ದಾರೆ. ಲಿಫ್ಟು ಮೇಲೆ ಹೋಗುವಾಗ ಹಿಂದೆ ಗೋಡೆಗಂಟಿಕೊಂಡು ಕಬ್ಬಿಣದ ಗುಂಡುಗಳು ಕೆಳಗಿಳೀತವೆ, ಅದಕ್ಕೆ ಎದುರುತೂಕ ಅಂತೀವಿ. ಆ ಹಾಡಿನ ಮೊದಲ ಸಾಲಿನ ಸ್ವರಗಳು ನನಗೆ ಬಂದದ್ದು ಇಂಥದೇ ಒಂದು ರೂಮಿನಲ್ಲಿ. ಇಡಿಯಾಗಿ ಬಂತು, ಯಾರೋ ಕೈಗೆ ಇಟ್ಟುಹೋದ ಹಾಗೆ. ಜೀವಮಾನದಲ್ಲಿ ಮೊದಲನೇ ಸಲ.

ಬೇಸ್ ಗಿಟಾರಿನಲ್ಲಿ ಬಾರಿಸಿ ತೋರಿಸಿದೆ, ನಮ್ಮ ಗಿಟಾರಿನವಳು ಒಂದೇ ಮಧ್ಯಾಹ್ನದಲ್ಲಿ ಅದಕ್ಕೆ ಮೈ ತುಂಬಿದಳು. ಎಲ್ಲರೂ ಅವಳನ್ನ ಗರಗಸ ಅಂತಾರೆ, ಬಾರಿಸೋದು ಹಾಗೇ ಇದೆ. ಅವಳನ್ನ ನೋಡಿದರೆ ನೀನು ನೆನಪಾಗ್ತೀಯ. ಎಡಗೈ ಹಿಡಿಯೋ ರೀತಿ, ತಪ್ಪಿದಾಗ ತುಟಿ ಕಚ್ಚೋದು, ಎಲ್ಲ ನಿನ್ನ ಹಾಗೇ. ಆದರೆ ಅವಳು ಗಿಟಾರ್ ಬಿಡಲಿಲ್ಲ ನೋಡು. ನಿನಗಿಂತ ಎರಡು ತಿಂಗಳು ದೊಡ್ಡವಳಂತೆ. ನಾನೂ ಅಕ್ಕ ಅಂತಲೇ ಕರೀತೀನಿ.

ಭಾವನಿಗೆ ಹೇಳು, ನನ್ನ ಕೈಗಡಿಯಾರ ಮತ್ತೆ ನಿಂತಿದೆ.

ಪಿಟೀಲು


ಫೆಬ್ರವರಿ ೨

ಪಿಟೀಲು,

ಮೊದಲು ನಿನ್ನ ಹೊಸ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಮನೆಯಲ್ಲಿ ಒಬ್ಬಳು ಸಾಲದು ಅಂತ ಗೊತ್ತಿರಲಿಲ್ಲ.

ಕೇಳಿದೆಯಾ ಅಂತ ಕೇಳಿದ್ದೀಯ. ಕೇಳಿದೆ. ಎರಡು ಸಲ. ನೀನಾಗಿ ಬಾಯಿ ಬಿಡಿಸಿದ ಮೇಲೆ ಹೇಳ್ತೀನಿ, ಬೆಣ್ಣೆ ಹಚ್ಚೋದು ನನಗೆ ಬರಲ್ಲ.

ಒಂದನೇ ಹಾಡಿನಲ್ಲಿ ಡ್ರಮ್ಮು ಬಿಸ್ಕತ್ತಿನ ಡಬ್ಬದ ಹಾಗೆ ಕೇಳುತ್ತೆ. ಎರಡನೆಯದು ಮುಗಿಯಬೇಕಾದ ಜಾಗದಲ್ಲಿ ಮುಗಿಯಲ್ಲ, ಬಾಗಿಲಲ್ಲಿ ನಿಂತು ಹೊರಡ್ತೀನಿ ಹೊರಡ್ತೀನಿ ಅನ್ನೋ ನೆಂಟರ ಹಾಗೆ. ಮೂರನೆಯದರಲ್ಲಿ ನಿನ್ನ ಬೇಸ್ ಚೆನ್ನಾಗಿದೆ, ಆದರೆ ಯಾರಿಗೆ ಕೇಳಬೇಕು? ಗಿಟಾರ್ ಅದರ ಮೇಲೆ ಹೊದಿಕೆ ಹಾಕಿ ಕೂತಿದೆ. ನಾಲ್ಕನೆಯದರಲ್ಲಿ ನಿಮ್ಮ ಗರಗಸದ್ದು ಒಂದೂವರೆ ನಿಮಿಷ ಒಬ್ಬಳದೇ ಆಟ. ಬಂದೋರಿಗೆ ಕಪಾಟು ತೆರೆದು ಪಾತ್ರೆ ಸೆಟ್ಟು ತೋರಿಸಿದ ಹಾಗಿದೆ. ಎಲ್ಲ ಫಳಫಳ, ಒಂದರಲ್ಲೂ ಅಡುಗೆ ಮಾಡಿಲ್ಲ. ಆರು, ಏಳು ಕೇಳಿದ ಮೇಲೆ ಮರೆತುಹೋದವು.

ನಿನ್ನ ಭಾವ ಇದನ್ನೆಲ್ಲ ಕೇಳಿಸಿಕೊಂಡು, “ಇಷ್ಟು ತಪ್ಪು ಹುಡುಕೋಕೆ ಎಷ್ಟು ಸಲ ಕೇಳಿರಬೇಕು!” ಅಂದರು. ಅವರಿಗೇನು ಗೊತ್ತು.

ಪತ್ರಿಕೆಯವರು ಏಳನೇ ಸ್ಥಾನ ಕೊಟ್ಟಿದ್ದಾರಲ್ಲ, ಸಂತೋಷ. ಅವರ ರುಚಿ ಈಚೆಗೆ ಹಾಗೇ ಆಗಿದೆ.

ಗಡಿಯಾರ ಕಳಿಸು.

ಅಕ್ಕ


ಫೆಬ್ರವರಿ ೧೦

ಅಕ್ಕಾ,

ಏಳು ಹಾಡಿನಲ್ಲಿ ಆರಕ್ಕೆ ಬೈದಿದ್ದೀಯ. ಐದನೆಯದರ ಬಗ್ಗೆ ಒಂದಕ್ಷರ ಇಲ್ಲ. ಬೈಯೋಕೆ ಏನೂ ಸಿಗಲಿಲ್ಲ, ಹೊಗಳೋಕೆ ಮನಸ್ಸು ಬರಲಿಲ್ಲ, ಅಲ್ಲವಾ?

ನಿನ್ನ ಕಾಗದವನ್ನ ತಂಡದವರಿಗೆ ಓದಿ ಹೇಳಬೇಕು ಅಂತ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ನಮ್ಮಕ್ಕ ಏನಂತಾಳೆ ನೋಡಿ ಅಂತ ಜಂಬ ಕೊಚ್ಚಿಕೊಂಡಿದ್ದೆ. ತೆಗೀಲಿಲ್ಲ.

ಗಿಟಾರ್ ಮಾರಿದವಳು ನೀನು. ಯಾರೂ ಮಾರು ಅನ್ನಲಿಲ್ಲ. ಬೇಜಾರಾಯ್ತು ಅಂತ ಬಿಟ್ಟೆ, ಸರಿ. ಬಿಡದೆ ಉಳಿದವರ ಮೇಲೆ ಸಿಟ್ಟು ಯಾಕೆ?

ಗಡಿಯಾರ ಇಲ್ಲೇ ಯಾರ ಹತ್ತಿರವಾದರೂ ಮಾಡಿಸ್ಕೋತೀನಿ.


ಮಾರ್ಚ್ ೨೧

ಪಿಟೀಲು,

ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು, ಹರಿಯೋದಕ್ಕೆ ಮುಂಚೆ ಅಂಚೆಗೆ ಹಾಕ್ತೀನಿ. ಭಾನುವಾರಗಳಲ್ಲಿ ಫೋನು ಹಿಡಿದು ಅಮ್ಮನ ಮಂಡಿ ಬಗ್ಗೆ ಇಷ್ಟುದ್ದ ಮಾತಾಡ್ತೀವಲ್ಲ, ನನಗೆ ನಗು ಬರುತ್ತೆ. ಆ ಮಂಡಿಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ.

ಐದನೇ ಹಾಡು ನನ್ನದು.

ಹಾಡು ಪೂರ್ತಿ ಅಂತ ಅಲ್ಲ. ಎಲ್ಲರೂ ಹೊಗಳ್ತಿರೋ ಆ ಮೊದಲ ಸಾಲು. ಆರು ಸ್ವರ, ಒಂದು ತಡೆ, ಮತ್ತೆ ಎರಡು. ನನಗೆ ಹದಿನೆಂಟು, ನಿನಗೆ ಹನ್ನೊಂದು. ನಿನಗೆ ಸೀತಾಳೆ ಸಿಡುಬಿನ ಗುಳ್ಳೆ ಎದ್ದು ಹಿಂದಿನ ಕೋಣೆಯಲ್ಲಿ ಮಲಗಿಸಿದ್ದರು, ಪರಚ್ಕೋಬಾರದು ಅಂತ ಕೈಗೆ ಕಾಲುಚೀಲ ಹಾಕಿದ್ದರು. ಕಾವಲಿಗೆ ನಾನು. ಮೂರು ದಿನ ಪಕ್ಕದಲ್ಲಿ ಕೂತು ಅದನ್ನೇ ಬಾರಿಸಿದೆ. ನಿನಗೆ ಅದು ಮೋಟಾರು ರೂಮಿನಲ್ಲಿ ಬರಲಿಲ್ಲ ಕಣೇ. ಇಪ್ಪತ್ತು ವರ್ಷದ ಹಿಂದೆ ಕಿವಿಗೆ ಹೋದದ್ದು ಈಗ ಬಾಯಿಗೆ ಬಂದಿದೆ. ಕವರಿನ ಹಿಂದೆ ನಿನ್ನ ಹೆಸರು ಇದೆ, ಗರಗಸದ ಹೆಸರೂ ಇದೆ.

ಎರಡು ಸಲ ಕೇಳಿದೆ ಅಂದಿದ್ದು ಸುಳ್ಳು. ಲೆಕ್ಕ ಇಟ್ಟಿಲ್ಲ. ಲ್ಯಾಬಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ದಿನವೂ ಕೇಳ್ತೀನಿ, ದಿನವೂ ಹೊಟ್ಟೆ ಉರಿಯುತ್ತೆ, ಮಾರನೇ ದಿನ ಮತ್ತೆ ಹಾಕ್ಕೋತೀನಿ.

ಇನ್ನೊಂದು. ಬೇಜಾರಾಗಿ ಗಿಟಾರ್ ಮಾರಲಿಲ್ಲ. ನನಗೆ ಇಪ್ಪತ್ತೆರಡಾಗಿದ್ದಾಗ ಒಂದು ತಂಡಕ್ಕೆ ಗಿಟಾರಿನವರು ಬೇಕಾಗಿದ್ದರು. ನಿಮಗ್ಯಾರಿಗೂ ಹೇಳದೆ ಹೋದೆ. ಅವರು ಕೇಳಿದ್ದೆಲ್ಲ ಬಾರಿಸಿದೆ, ಒಂದು ಕಡೆಯೂ ಕೈ ತಪ್ಪಲಿಲ್ಲ. ತಂಡದ ಹಿರಿಯ ತುಂಬ ಮರ್ಯಾದೆಯಿಂದ ಹೇಳಿದ: “ಕೈ ಪಳಗಿದೆಯಮ್ಮ. ಯಾರದ್ದು ಕೊಟ್ಟರೂ ಬಾರಿಸ್ತೀಯ. ನಿನ್ನದು ಅಂತ ಏನಾದರೂ ಇದೆಯಾ?” ಆ ಎಂಟು ಸ್ವರ ಬಾರಿಸಬೇಕಿತ್ತು. ಏನೂ ಇಲ್ಲ ಅಂದೆ. ಅದೇ ವಾರ ಗಿಟಾರ್ ಮಾರಿದೆ.

ಆವತ್ತಿಂದ ಇವತ್ತಿನವರೆಗೆ ಪಕ್ಕದ ಹಲ್ಲಿಗೆ ಹೊಂದೋ ಹಾಗೆ ಹಲ್ಲು ಮಾಡ್ತಾ ಬಂದಿದ್ದೀನಿ. ಅದರಲ್ಲಿ ನನ್ನದು ಎತ್ತಿದ ಕೈ. ಕೆಲಸ ಮಾಡ್ತಾ ಒಳಗೊಳಗೇ ಅಂದ್ಕೋತಿದ್ದೆ, ನನ್ನದೂ ಒಂದಿದೆ, ಹೊರಗೆ ತಂದಿಲ್ಲ ಅಷ್ಟೆ ಅಂತ. ನೀನು ಅದನ್ನ ಹೊರಗೆ ತಂದೆ. ನನ್ನ ಕೇಳದೆ.

ಅಕ್ಕ


ಏಪ್ರಿಲ್ ೨

ಅಕ್ಕಾ,

ಗೊತ್ತಿರಲಿಲ್ಲ. ಅಮ್ಮನಾಣೆಗೂ ಗೊತ್ತಿರಲಿಲ್ಲ.

ನಿನ್ನ ಕಾಗದ ಓದಿ ಹಾಡು ಹಾಕಿ ಕಣ್ಣು ಮುಚ್ಚಿ ಕೂತೆ. ಹಿಂದಿನ ಕೋಣೆ ಕಂಡಿತು. ಹಸಿರು ಬಣ್ಣದ ಮಂಚ, ಕೈಗೆ ಚುಚ್ಚೋ ಕಾಲುಚೀಲ, ಕಿಟಕಿಗೆ ಬೆನ್ನು ಕೊಟ್ಟು ಕೂತ ನೀನು. ನೀನು ಹೇಳ್ತಿರೋದೇ ನಿಜ. ನೀನು ಇಂಥದ್ದರಲ್ಲಿ ಸುಳ್ಳು ಹೇಳೋಳಲ್ಲ.

ಆ ತಂಡದ ವಿಷಯ ನನಗೆ ಯಾಕೆ ಹೇಳಲಿಲ್ಲ? ನೀನು ಮಾರಿದ ದಿನ ನಾನು ಎಷ್ಟು ಅತ್ತೆ ಗೊತ್ತಾ? ಅದು ನನಗೆ ಬರುತ್ತೆ ಅಂತ ಕಾಯ್ತಿದ್ದೆ. ನಿನ್ನದೆಲ್ಲ ನನಗೇ ತಾನೇ ಬರ್ತಿದ್ದದ್ದು? ನಿನ್ನ ಫ್ರಾಕು, ನಿನ್ನ ಚೀಲ, ನಿನ್ನ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದ ಪುಸ್ತಕ. ಹೆವಿ ಮೆಟಲ್ ಕೂಡ ನೀನು ಕೇಳಿ ಬಿಟ್ಟ ಕ್ಯಾಸೆಟ್ಟಿನಿಂದ ಬಂದದ್ದು. ಈಗ ಹೇಳ್ತೀನಿ ಕೇಳು, ನಿನ್ನ ಮೇಲೆ ನನಗೆ ಆಗಿನಿಂದಲೂ ಹೊಟ್ಟೆಕಿಚ್ಚು. ಎಲ್ಲದರಲ್ಲೂ ನೀನು ಮೊದಲು ಹೋಗಿ ಬಂದಿರ್ತೀಯ. ಈ ಒಂದು ಹಾಡಾದರೂ ಹೊಚ್ಚ ಹೊಸದು ಅಂದ್ಕೊಂಡೆ. ಅದೂ ನಿನ್ನ ಹಳೇ ಫ್ರಾಕೇ ಆಯ್ತು.

ಮೊನ್ನೆ ಅಭ್ಯಾಸಕ್ಕೆ ಸೇರಿದಾಗ ಎಲ್ಲರಿಗೂ ಹೇಳಿದೆ. ಆಲ್ಬಮ್ ಇನ್ನೊಂದು ಸಲ ಅಚ್ಚಾಗುತ್ತೆ, ಅದರಲ್ಲಿ ಐದನೇ ಹಾಡಿಗೆ ನಿನ್ನ ಹೆಸರು ಮೊದಲು ಬರಬೇಕು ಅಂದೆ. ಗರಗಸ ಗಿಟಾರ್ ಕೆಳಗಿಟ್ಟಳು.

“ನಿಮ್ಮಕ್ಕ ಹೇಳಿದ ಮಾತ್ರಕ್ಕೆ? ಆಗ ನಿನಗೆ ಹನ್ನೊಂದು ವರ್ಷ!”

“ಅವಳು ಸುಳ್ಳು ಹೇಳಲ್ಲ.”

“ನಾನು ಹೇಳ್ತೀನಾ? ಆ ಸಾಲನ್ನ ಹಾಡು ಮಾಡೋಕೆ ನಾವಿಬ್ಬರೂ ಎಷ್ಟು ಒದ್ದಾಡಿದ್ದೀವಿ? ಆಗ ಎಲ್ಲಿದ್ದರು ನಿಮ್ಮಕ್ಕ? ಪತ್ರಿಕೆಯಲ್ಲಿ ಬಂದ ಮೇಲೆ ನೆನಪಾಯ್ತಾ?”

ನಾನು ಒಂದು ಮಾತು ಅಂದೆ, ಅನ್ನಬಾರದಿತ್ತು. ನೀನು ನನ್ನ ಅಕ್ಕ ಅಲ್ಲ ಅಂದೆ. ಅವಳು ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದಳು. ಇನ್ನು ಬರಲ್ಲ ಅಂತ ಡ್ರಮ್ಮಿನವನ ಹತ್ತಿರ ಹೇಳಿದ್ದಾಳೆ.

ನೀನು ಆಗ ಬಾರಿಸಿದ್ದನ್ನೆಲ್ಲ ಕ್ಯಾಸೆಟ್ಟಿಗೆ ಹಿಡೀತಿದ್ದೆಯಲ್ಲ, ಆ ದಿನಗಳದ್ದು ಇದೆಯಾ? ನನಗೆ ಬೇಕಿಲ್ಲ. ಡ್ರಮ್ಮಿನವನಿಗೆ ಕೇಳಿಸಿದರೆ ಅವನು ಗರಗಸಕ್ಕೆ ಹೇಳ್ತಾನೆ, ಅವಳ ಸಿಟ್ಟಾದರೂ ಇಳಿಯುತ್ತೆ.

ಪಿಟೀಲು


ಏಪ್ರಿಲ್ ೯

ಪಿಟೀಲು,

ಗರಗಸ ಹೋದದ್ದು ಕೇಳಿ ಬೇಜಾರಾಯ್ತು. ಹಾಗೆ ಬರೀಬೇಕು, ಬರೆದಿದ್ದೀನಿ.

ನಿಜ ಹೇಳಲಾ, ಕಾಗದ ಓದಿದ ದಿನ ಅಮ್ಮ ಎರಡು ಸಲ ಕೇಳಿದಳು, “ಏನೇ, ಒಬ್ಬಳೇ ನಗ್ತಿದ್ದೀಯ?” ಅಂತ.

ಕ್ಯಾಸೆಟ್ಟು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ. ಮೇಲೆ ‘ಹಿಂದಿನ ಕೋಣೆ’ ಅಂತ ಬರೆದದ್ದು ಚೆನ್ನಾಗಿ ನೆನಪಿದೆ. ಟೇಪ್ ರೆಕಾರ್ಡರಿನ ಬೆಲ್ಟು ಕರಗಿ ಅಂಟಾಗಿದೆ, ನಿನ್ನ ಭಾವ ಬಿಚ್ಚಿ ಮೇಜಿನ ತುಂಬ ಹರಡಿಕೊಂಡು ಕೂತಿದ್ದಾರೆ. ಸರಿಯಾದ ಕೂಡಲೇ ಕಳಿಸ್ತೀನಿ. ಅವರೆಲ್ಲ ಕೇಳಲಿ.

ಕವರಿನಲ್ಲಿ ನನ್ನ ಹೆಸರಿನ ಕಾಗುಣಿತ ನೋಡಿ ಹಾಕಿಸು. ರೇಷನ್ ಕಾರ್ಡಿನಲ್ಲಿ ಮಾಡಿದ ಹಾಗೆ ದೀರ್ಘ ನುಂಗಿಬಿಟ್ಟಾರು.

ಅಕ್ಕ


ಏಪ್ರಿಲ್ ೨೮

ಅಕ್ಕಾ,

ಟೇಪ್ ರೆಕಾರ್ಡರ್ ಇನ್ನೂ ಸರಿಯಾಗಲಿಲ್ಲವಾ? ಮೂರು ಭಾನುವಾರ ಫೋನ್ ಮಾಡಿದಾಗಲೂ ನೀನು ಸ್ನಾನಕ್ಕೆ ಹೋಗಿದ್ದೀಯ ಅಂದಳು ಅಮ್ಮ. ನನ್ನ ಮೇಲೆ ಇನ್ನೂ ಸಿಟ್ಟಿದೆ ಅಂತ ಅರ್ಥವಾಯ್ತು. ಇರಲಿ, ನ್ಯಾಯವೇ.

ಕ್ಯಾಸೆಟ್ಟಿಗೆ ತಲೆ ಕೆಡಿಸ್ಕೋಬೇಡ. ನಾನು ಕಾಯಲ್ಲ. ಕವರು ಮೇ ಹನ್ನೆರಡಕ್ಕೆ ಅಚ್ಚಿಗೆ ಹೋಗುತ್ತೆ, ನಿನ್ನ ಹೆಸರು ದೀರ್ಘ ಸಮೇತ ಹಾಕಿಸಿದ್ದೀನಿ. ಜೂನ್ ಏಳರ ಸಂಜೆ ಇಲ್ಲಿ ನಮ್ಮ ಕಾರ್ಯಕ್ರಮ ಇದೆ. ಹೊಸ ಗಿಟಾರಿನವನು ಒಬ್ಬ ಬಂದಿದ್ದಾನೆ. ಒಳ್ಳೆಯವನು, ಆದರೆ ಐದನೇ ಹಾಡು ಅವನ ಕೈಯಲ್ಲಿ ನಿಲ್ತಿಲ್ಲ. ಅದನ್ನ ಬಿಟ್ಟುಬಿಡೋದು ಅಂತ ಮಾಡಿದ್ದೀವಿ.

ಗರಗಸ ಎಲ್ಲೂ ಬಾರಿಸ್ತಿಲ್ಲವಂತೆ. ನನ್ನ ಫೋನ್ ಎತ್ತಲ್ಲ.

ಪಿಟೀಲು


ಮೇ ೫

ಪಿಟೀಲು,

ಈ ಕಾಗದ ಸಿಕ್ಕಿದ ಕೂಡಲೇ ಅಚ್ಚಿನವರಿಗೆ ಫೋನ್ ಮಾಡಿ ಕವರು ನಿಲ್ಲಿಸು. ಮಿಕ್ಕದ್ದನ್ನ ಆಮೇಲೆ ಓದು.

ಟೇಪ್ ರೆಕಾರ್ಡರ್ ಸರಿಯಾಗಿ ಮೂರು ವಾರ ಆಯ್ತು. ಏಪ್ರಿಲ್ ಹದಿನಾಲ್ಕರ ಬೆಳಗ್ಗೆ ನಿನ್ನ ಭಾವ ಬೆಲ್ಟು ಹಾಕಿ, “ಬಾ, ನಿನ್ನ ಸಾಕ್ಷಿ ಕೇಳೋಣ” ಅಂತ ಕರೆದರು. ನಾನು ಕಾಫಿ ಹಿಡಕೊಂಡು, ಗೆದ್ದವಳ ಹಾಗೆ ಕಾಲು ಮೇಲೆ ಕಾಲು ಹಾಕಿಕೊಂಡು ಕೂತೆ.

ಮೊದಲು ಬರೀ ಗರಗರ ಶಬ್ದ. ಆಮೇಲೆ ದೂರದಿಂದ ಅಮ್ಮ, “ಬಾಗಿಲು ಹಾಕ್ಕೊಳ್ರೇ, ತಲೆ ಸಿಡೀತಿದೆ” ಅಂತಾಳೆ. ಎಷ್ಟು ಸಣ್ಣ ವಯಸ್ಸಿನ ದನಿ! ಆಮೇಲೆ ನಾನು, ಯಾರದ್ದೋ ಹಾಡು ಬಾರಿಸ್ತಿದ್ದೀನಿ, ತುಂಬ ಚೆನ್ನಾಗಿ. ಅದರ ಮಧ್ಯೆ ನೀನು ಗುನುಗ್ತೀಯ. ಮೂಗು ಕಟ್ಟಿದ ದನಿ. ಆರು ಸ್ವರ, ಒಂದು ತಡೆ, ಮತ್ತೆ ಎರಡು.

ನಾನು ಕೈ ನಿಲ್ಲಿಸಿ, “ಸುಮ್ಮನಿರೇ, ಕೆಡಿಸಬೇಡ” ಅಂತೀನಿ. ನೀನು ಮತ್ತೆ ಗುನುಗ್ತೀಯ. “ಅದು ಯಾವ ಹಾಡು?” ಅಂತ ನಾನು. “ಯಾವುದೂ ಅಲ್ಲ, ನವೆ ಆದಾಗ ಹಾಡ್ಕೋತೀನಿ” ಅಂತ ನೀನು. ಆಮೇಲೆ ನಾನು ಅದನ್ನ ತಂತಿ ಮೇಲೆ ಹುಡುಕ್ತೀನಿ. ಸಿಗಲ್ಲ. “ಇನ್ನೊಂದು ಸಲ ಹೇಳು” ಅಂತೀನಿ. ನೀನು ಹೇಳಿಕೊಡ್ತೀಯ, ಮೇಷ್ಟರ ಹಾಗೆ, “ಅಲ್ಲ ಅಕ್ಕಾ, ಅಲ್ಲಿ ನಿಲ್ಲಿಸಬೇಕು” ಅಂತ. ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಹೀಗೇ ಇದೆ.

ಮೂರು ದಿನ ಬಾರಿಸಿದೆ ಅಂದೆನಲ್ಲ, ಅದು ನಿಜ. ನಿನ್ನಿಂದ ಕಲೀತಿದ್ದೆ.

ಕಾಫಿ ಆರಿಹೋಯ್ತು. ನಿನ್ನ ಭಾವ ಗುಂಡಿ ಒತ್ತಿ ನಿಲ್ಲಿಸಿ, ಕ್ಯಾಸೆಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ನಾನು, “ಇದು ಕೆಟ್ಟುಹೋಗಿದೆ, ಸರಿಯಾಗಿ ಕೇಳಿಸಲ್ಲ” ಅಂದೆ. ಅವರು, “ನನಗೆ ಕೇಳಿಸ್ತು” ಅಂತ ಎದ್ದುಹೋದರು. ಆಮೇಲೆ ಇವತ್ತಿನವರೆಗೆ ಒಂದು ಮಾತು ಎತ್ತಿಲ್ಲ. ಬೈದಿದ್ದರೆ ಜಗಳವಾದರೂ ಆಡ್ತಿದ್ದೆ.

ಮೂರು ವಾರ ಆ ಕ್ಯಾಸೆಟ್ಟು ನನ್ನ ಕೆಲಸದ ಮೇಜಿನ ಖಾನೆಯಲ್ಲಿತ್ತು. ಅದರ ಮೇಲೆ ಹಲ್ಲಿನ ಅಚ್ಚಿಗೆ ಕಾಯಿಸೋ ಮೇಣ ಒಂದಿಷ್ಟು ಸುರಿದರೆ ಮುಗೀತು, ಯಾರಿಗೂ ಗೊತ್ತಾಗಲ್ಲ. ನೀನೇ ಬೇಡ ಅಂದಿದ್ದೀಯ, ಹೆಸರೂ ಹಾಕಿಸಿದ್ದೀಯ. ಒಂದು ದಿನ ಮೇಣ ಕಾಯಿಸಿಯೂ ಇದ್ದೆ. ನಿನ್ನ ಫೋನ್ ಬಂದಾಗಲೆಲ್ಲ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ತಿದ್ದೆ. ಅಮ್ಮ ಹೇಳಿದ್ದು ಸುಳ್ಳಲ್ಲ.

ಆ ಹಿರಿಯ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರವೇ ಸರಿ. ಏನೂ ಇಲ್ಲ. ಆ ಉತ್ತರ ಸುಳ್ಳು ಅಂತ ನಂಬಿಕೊಂಡು ಇಷ್ಟು ವರ್ಷ ಕಳೆದೆ. ನಿನ್ನದು ನಿನಗೇ ಬಂದಿದೆ ಕಣೇ, ಹಳೇ ಫ್ರಾಕಲ್ಲ. ಹಳೇ ಫ್ರಾಕು ಹಾಕಿಕೊಂಡು ತಿರುಗಿದವಳು ನಾನು.

ಕ್ಯಾಸೆಟ್ಟು ಇದರ ಜೊತೆ ಇದೆ.

ಅಕ್ಕ


ಮೇ ೧೩

ಅಕ್ಕಾ,

ಕವರು ನಿಲ್ಲಿಸಿದೆ. ಕ್ಯಾಸೆಟ್ಟು ಕೇಳಿದೆ. ಅತ್ತೆ, ಆಮೇಲೆ ಸಿಟ್ಟು ಬಂತು, ಇನ್ನೂ ಇದೆ.

ಇಪ್ಪತ್ತು ವರ್ಷ ತಪ್ಪಾಗಿ ನೆನಪಿಟ್ಟುಕೊಂಡದ್ದಕ್ಕೆ ಸಿಟ್ಟಿಲ್ಲ. ನಾನು ಪೂರ್ತಿ ಮರೆತವಳು, ನನಗೇನು ಹಕ್ಕು? ಆ ಮೂರು ವಾರಕ್ಕೆ ಸಿಟ್ಟು. ಆ ಮೂರು ವಾರ ನಾನು ಗರಗಸದ ಮನೆ ಬಾಗಿಲಿಗೆ ಎರಡು ಸಲ ಹೋಗಿ ಬಂದೆ. ಅವಳು ಕಿಟಕಿಯಿಂದ ನೋಡಿ ಪರದೆ ಎಳೆದಳು. ನನ್ನ ತಪ್ಪಿಲ್ಲ ಅಂತ ಬೇರೆ ಅಂದ್ಕೊಂಡು ಬಂದೆ.

ಅವಳಿಗೆ ನಾನು ಹೇಳಲ್ಲ. ನೀನೇ ಬರೀಬೇಕು. ವಿಳಾಸ ಹಿಂದೆ ಬರೆದಿದ್ದೀನಿ.


ಮೇ ೨೯

ಅಕ್ಕಾ,

ಗರಗಸ ನಿನ್ನೆ ಅಭ್ಯಾಸಕ್ಕೆ ಬಂದಳು. ವೈರು ಬಿಚ್ಚಿ, ಸಿಕ್ಕಿಸಿ, ಐದನೇ ಹಾಡು ಶುರು ಮಾಡಿದಳು. ಡ್ರಮ್ಮಿನವನು ಕಡ್ಡಿ ಹುಡುಕೋ ಅಷ್ಟರಲ್ಲಿ ಮೊದಲ ಸಾಲು ಮುಗಿದಿತ್ತು. ಹೊಸ ಹುಡುಗ ಪಾಪ ತಾನೇ ಚಪ್ಪಾಳೆ ಹೊಡೆದು ಕುರ್ಚಿ ಬಿಟ್ಟುಕೊಟ್ಟ. ಅವನನ್ನ ಎರಡನೇ ಗಿಟಾರಿಗೆ ಇಟ್ಟುಕೊಂಡಿದ್ದೀವಿ.

ಆಮೇಲೆ ನಾನು ಕೇಳಿದೆ, ಅಕ್ಕ ಏನು ಬರೆದಿದ್ದಳು ಅಂತ. “ಅದು ನಮ್ಮಿಬ್ಬರ ವಿಷಯ” ಅಂದಳು. ಆರು ಪುಟ ಇತ್ತಂತೆ. ನನಗೆ ಇಷ್ಟು ವರ್ಷದಲ್ಲಿ ಯಾವತ್ತಾದರೂ ಆರು ಪುಟ ಬರೆದಿದ್ದೀಯಾ? ಏನು ಬರೆದೆ ಅವಳಿಗೆ? ನಗ್ತಾ ನಗ್ತಾ ಚೀಲದೊಳಗೆ ಇಟ್ಟುಕೊಂಡಳು, ನನಗೆ ಮೈಯೆಲ್ಲ ಉರೀತು.

ಕವರಿನಲ್ಲಿ ಹೆಸರು ಮೊದಲಿನ ಹಾಗೇ, ನಮ್ಮಿಬ್ಬರದು. ಜೂನ್ ಏಳು, ಸಂಜೆ ಐದಕ್ಕೆ. ಹಳೇ ಗೋದಾಮು, ರೈಲ್ವೆ ಸ್ಟೇಷನ್ನಿನ ಹಿಂದೆ. ಬಾ ಅಂತ ನಾನು ಹೇಳ್ತಿಲ್ಲ. ಎಷ್ಟು ಗಂಟೆಗೆ ಅಂತ ಹೇಳ್ತಿದ್ದೀನಿ.

ಪಿಟೀಲು


ಜೂನ್ ೯

ಪಿಟೀಲು,

ಬಂದಿದ್ದೆ.

ನಾಲ್ಕು ಗಂಟೆಗೇ ಬಂದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಬಂದಾಗ ಎಡಗಡೆ ಮೂರನೇ ಕಂಬದ ಪಕ್ಕ ಜಾಗ ಸಿಕ್ಕಿತು. ನನ್ನ ಸುತ್ತ ಇದ್ದೋರಲ್ಲಿ ನಾನೇ ಹಿರಿಯವಳು. ಕರೀ ಬನಿಯನ್ನಿನ ಹುಡುಗಿಯೊಬ್ಬಳು, “ಆಂಟಿ, ಕಿವಿಗೆ ಹತ್ತಿ ಬೇಕಾ?” ಅಂತ ಕೇಳಿದಳು. ಬೇಡಮ್ಮ, ನೀನು ಹುಟ್ಟೋಕೆ ಮುಂಚಿನಿಂದ ಕೇಳ್ತಿದ್ದೀನಿ ಅಂದೆ. ಅವಳು ನಂಬಲಿಲ್ಲ.

ನೀನು ವೇದಿಕೆಗೆ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಕಾಲು ಅಗಲಿಸಿ, ನೆಲ ನಿನ್ನದೇ ಅನ್ನೋ ಹಾಗೆ ನಿಂತಿದ್ದೆ. ಮೂರನೇ ಹಾಡಿನಲ್ಲಿ ಬೇಸ್ ನನ್ನ ಎದೆಗೂಡಿಗೆ ಬಂದು ತಾಗಿತು. ಯಾರಿಗೆ ಕೇಳಬೇಕು ಅಂತ ಬರೆದಿದ್ದೆನಲ್ಲ, ಆ ಮಾತು ವಾಪಸ್ ತಗೋತೀನಿ.

ಐದನೇ ಹಾಡು ಬಂತು. ನೀನು ಮೊದಲ ಸಾಲು ಒಬ್ಬಳೇ ಬಾರಿಸಿದೆ, ಎರಡನೇ ಸಲಕ್ಕೆ ಅವಳು ಸೇರಿಕೊಂಡಳು. ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲೂ ಇಲ್ಲ. ನೋಡದೇನೇ ಇಬ್ಬರಿಗೂ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿತ್ತು. ನನಗೆ ಅದು ತಡಕೊಳ್ಳೋಕೆ ಆಗಲಿಲ್ಲ. ಹಾಡು ನಿನ್ನದು, ಒಪ್ಪಿಕೊಂಡಾಗಿದೆ. ಆದರೆ ಆ ಜಾಗ ನನ್ನದಾಗಬಹುದಿತ್ತು. ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ಎದ್ದುಹೋದೆ, ಅವಳು ಬಂದು ಕೂತಳು. ಅಷ್ಟು ಸರಳ. ಸರಳ ಅಂತ ಗೊತ್ತಾದರೆ ಉರಿ ಕಡಿಮೆಯಾಗುತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ.

ಹಾಡು ಮುಗಿದ ಮೇಲೆ ನೀನು ಮೈಕ್ ಹಿಡಿದು, “ನಮ್ಮಕ್ಕ ಇಲ್ಲೇ ಎಲ್ಲೋ ಇದ್ದಾಳೆ, ದೀಪ ಹಾಕಿ” ಅಂದೆ. ದೀಪ ಹಾಕಿದರು. ನೀನು ಹಣೆಗೆ ಕೈ ಅಡ್ಡ ಇಟ್ಟುಕೊಂಡು ಸಾಲು ಸಾಲಾಗಿ ಹುಡುಕಿದೆ. ನಾನು ಕಂಬದ ಹಿಂದೆ ಸರಿದೆ. ಅಳ್ತಿರಲಿಲ್ಲ, ಹಾಗೆ ತಿಳ್ಕೋಬೇಡ. ನನ್ನ ಮುಖ ಆಗ ಹೇಗಿತ್ತೋ ಗೊತ್ತಿಲ್ಲ. ಆ ಮುಖವನ್ನ ಇನ್ನೂರು ಜನರ ನಡುವೆ ನಿನಗೆ ತೋರಿಸೋಕೆ ಇಷ್ಟ ಇರಲಿಲ್ಲ, ಅಷ್ಟೆ. ಅಕ್ಕ ಬಂದಿಲ್ಲ ಅಂದ್ಕೊಂಡು ನೀನು ಕೈ ಇಳಿಸಿದೆ. ಆಗ ಗರಗಸ ನನ್ನ ಕಡೆಗೇ ನೋಡ್ತಿದ್ದಳು. ಅವಳು ನನ್ನನ್ನ ಯಾವತ್ತೂ ಕಂಡವಳಲ್ಲ. ಆದರೂ ಗುರುತು ಹಿಡಿದಳು. ನಾನು ಬೇಡ ಅಂತ ತಲೆ ಆಡಿಸಿದೆ, ಅವಳು ನಿನಗೆ ಹೇಳಲಿಲ್ಲ. ಅದಕ್ಕೆ ಅವಳನ್ನ ಬೈಬೇಡ, ಅವಳಿಗೆ ಅರ್ಥವಾಯ್ತು.

ಅವಳಿಗೆ ಏನು ಬರೆದೆ ಅಂತ ಕೇಳಿದ್ದೀಯ. ಮೊದಲ ಪುಟದಲ್ಲಿ ಕ್ಷಮೆ. ಮಿಕ್ಕ ಐದು ಪುಟದಲ್ಲಿ ನಿನ್ನ ಬಗ್ಗೆ ದೂರು. ನೀನು ಚಿಕ್ಕಂದಿನಲ್ಲಿ ಮಾಡಿದ್ದೆಲ್ಲ, ಒಂದೂ ಬಿಡದೆ. ಅವಳಿಗೆ ಗೊತ್ತಿರಲಿ, ಯಾರ ಜೊತೆ ಏಗಬೇಕು ಅಂತ.

ಮನೆ ಸೇರಿದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಹೇಗಿತ್ತು ಅಂದಳು. ಚೆನ್ನಾಗಿ ಬಾರಿಸಿದಳಮ್ಮ ಅಂದೆ.

“ಯಾರು, ನಮ್ಮವಳಾ? ಇಲ್ಲ, ಆ ಇನ್ನೊಬ್ಬಳಾ?”

ಚಪ್ಪಲಿ ಬಿಚ್ಚಿ, ಕೈಕಾಲು ತೊಳೆದು, ನೀರು ಕುಡಿದೆ. ಅಮ್ಮ ಅಲ್ಲೇ ನಿಂತಿದ್ದಳು, ಉತ್ತರ ಬೇಕು ಅಂತ.

“ಇಬ್ಬರೂ” ಅಂದೆ.

ಅಕ್ಕ